ಬೇರೆಯವರ ಹೆಸರಿಗೆ ಓಗೊಟ್ಟವರು

ರಂಗಲಕ್ಷ್ಮಮ್ಮ ಸತ್ತು ಹನ್ನೊಂದು ವರ್ಷವಾಗಿತ್ತು. ಆದರೂ ತುಮಕೂರಿನಿಂದ ಗುಬ್ಬಿಗೆ ಹೋಗುವ ರಸ್ತೆಯ ಕೊಬ್ಬರಿ ಪುಡಿ ಫ್ಯಾಕ್ಟರಿಯಲ್ಲಿ ಅವಳ ಹಾಜರಿ ತಪ್ಪಿರಲಿಲ್ಲ. ಬೆಳಗ್ಗೆ ಏಳೂವರೆಗೆ ಗೇಟಿನ ಹತ್ತಿರ ಟೈಂಕೀಪರ್ ದೊಡ್ಡರಂಗಯ್ಯ ಪುಸ್ತಕ ಬಿಚ್ಚಿ "ರಂಗಲಕ್ಷ್ಮಮ್ಮ" ಎಂದು ಕೂಗುತ್ತಿದ್ದ. "ಓ" ಎಂದು ಅವಳ ಸೊಸೆ ನೇತ್ರಾವತಿ ಒಳಗೆ ಹೋಗುತ್ತಿದ್ದಳು. ಆಮೇಲೆ "ಫಿರ್ದೋಸ್" ಎಂದು ಕೂಗಿದರೆ ಜೈನಬ್ ಬೀ ಓಗೊಡುತ್ತಿದ್ದಳು. ಫಿರ್ದೋಸ್ ಎಂಬುವಳು ಜೈನಬ್ ಬೀಯ ಅಕ್ಕ. ಮದುವೆಯಾಗಿ ಕುಣಿಗಲ್ಲು ಸೇರಿ ಇಪ್ಪತ್ತು ವರ್ಷವಾಗಿತ್ತು, ಅಲ್ಲಿ ಸಂಸಾರ ಮಾಡಿಕೊಂಡಿದ್ದಳು.

ಇದು ಕಳ್ಳತನವಲ್ಲ. ಫ್ಯಾಕ್ಟರಿಯೇ ಹಾಕಿಕೊಟ್ಟ ರೂಢಿ. ಅತ್ತೆಯ ಸೊಂಟ ಬಿದ್ದುಹೋದರೆ ಸೊಸೆ ಬರಬೇಕು. ಅಕ್ಕನಿಗೆ ಮದುವೆಯಾದರೆ ತಂಗಿ ಬರಬೇಕು. ಹೊಸ ಹೆಸರು ಬರೆದರೆ ಹೊಸ ಅರ್ಜಿ, ಹೊಸ ಇಎಸ್‌ಐ ಫಾರಂ, ಹತ್ತು ಕಡೆ ಓಡಾಟ. ಹಳೆಯ ಸಾಹುಕಾರರಿಗೆ ಆ ತಲೆನೋವು ಬೇಕಿರಲಿಲ್ಲ. ತೊಂಬತ್ತನೇ ಇಸವಿಯಲ್ಲಿ, ಮದುವೆಯ ಅರಿಶಿನ ಇನ್ನೂ ಮಾಸದ ನೇತ್ರಾವತಿ ಗೇಟಿಗೆ ಬಂದು "ನನ್ನೆಸ್ರು ನೇತ್ರಾವತಿ" ಅಂದಿದ್ದಳು. ದೊಡ್ಡರಂಗಯ್ಯ ಪುಸ್ತಕದಿಂದ ತಲೆ ಎತ್ತಲಿಲ್ಲ. "ಅದನ್ನ ಮನೇಲಿಕ್ಕು. ಇಲ್ಲಿ ನೀನು ರಂಗಲಕ್ಷ್ಮಮ್ಮ" ಅಂದ. ಹದಿನಾರು ವರ್ಷ ಹಾಗೇ ನಡೆಯಿತು.

ಕೆಲಸ ಏನೆಂದರೆ ಕರಟ ಬಿಡಿಸಿದ ಕಾಯಿಯ ಮೇಲಿನ ಕಂದು ಸಿಪ್ಪೆಯನ್ನು ಚಾಕುವಿನಿಂದ ಹೆರೆಯುವುದು. ಬರೀ ಬಿಳಿ ಉಳಿಯಬೇಕು. ಒಂದು ಚೂರು ಕಂದು ಕಂಡರೂ ಬುಟ್ಟಿ ವಾಪಸ್ಸು. ದಿನಕ್ಕೆ ಎಂಟುನೂರು ಕಾಯಿ. ನಿಂತೇ ಹೆರೆಯಬೇಕು. ಕಾಲಡಿಯಲ್ಲಿ ಕಾಯಿನೀರು ನಿಂತು ಮಧ್ಯಾಹ್ನದ ಹೊತ್ತಿಗೆ ಹುಳಿ ನಾತ ಹೊಡೆಯುತ್ತಿತ್ತು. ಬೆರಳ ಸಂದು ಬೆಳ್ಳಗೆ ಊದಿಕೊಂಡು ಬಿರಿಯುತ್ತಿತ್ತು, ಬಿರಿದ ಕಡೆ ಮತ್ತೆ ಅದೇ ನೀರು ಹೋಗಿ ಉರಿಯುತ್ತಿತ್ತು. ಉಚ್ಚೆಗೆ ದಿನಕ್ಕೆ ಎರಡು ಸಲ ಬಿಡುತ್ತಿದ್ದರು. ಮುಟ್ಟಾಗಿದ್ದರೂ ಎರಡೇ ಸಲ. ಒಮ್ಮೆ ಚಾಕು ಜಾರಿ ಜೈನಬ್ ಬೀಯ ಎಡಗೈ ಹೆಬ್ಬೆರಳ ತುದಿ ಹಾರಿಹೋಯಿತು. ಸೂಪರ್‌ವೈಸರ್ ಗಂಗಹನುಮಯ್ಯ ಮೊದಲು ರಕ್ತ ಬಿದ್ದ ಕಾಯಿಗಳನ್ನು ಆಚೆಗೆ ತೆಗೆಸಿದ. ಬೆರಳಿಗೆ ಬಟ್ಟೆ ಕೊಟ್ಟದ್ದು ಅದಾದ ಮೇಲೆ.

ಹತ್ತು ಗಂಟೆಗೆ ಟೀ ಬರುತ್ತಿತ್ತು. ಊರಿನ ಹೆಂಗಸರಿಗೆ ಸ್ಟೀಲ್ ಲೋಟ. ನೇತ್ರಾವತಿಯಂಥ ಹಟ್ಟಿಯ ಹೆಂಗಸರಿಗೆ ಕರಟ. ಕೊಬ್ಬರಿ ಫ್ಯಾಕ್ಟರಿಯಲ್ಲಿ ಕರಟಕ್ಕೇನು ಬರ! ಕುಡಿದು ಬಿಸಾಕಬಹುದು, ತೊಳೆಯುವ ಕೆಲಸವೂ ಇಲ್ಲ, ಇದರಲ್ಲಿ ಮಡಿ ಮೈಲಿಗೆ ಏನೂ ಇಲ್ಲ ಎಂದು ಗಂಗಹನುಮಯ್ಯ ನಗುತ್ತಲೇ ಹೇಳುತ್ತಿದ್ದ. ಹಾಗಾದರೆ ನಿನಗ್ಯಾಕಪ್ಪ ಲೋಟ ಎಂದು ಯಾರೂ ಕೇಳಲಿಲ್ಲ.

ಎರಡು ಸಾವಿರದ ಆರರಲ್ಲಿ ಸಾಹುಕಾರರ ಮಗ ಗದ್ದಿಗೆಗೆ ಬಂದ. ಅವನಿಗೆ ಪುಸ್ತಕ ಬೇಡ, ಕಂಪ್ಯೂಟರ್ ಬೇಕು. ಆಫೀಸಿನಲ್ಲಿ ಎಚ್.ಆರ್. ಎಂಬ ಹೊಸ ರೂಮು ಎದ್ದಿತು. ಅದರೊಳಕ್ಕೆ ಶಿವರಾಜ್ ಎಂಬ ಮೂವತ್ತರ ಆಸುಪಾಸಿನ ಆಫೀಸರ್ ಬಂದ. ತುಮಕೂರಿನಿಂದ ದಿನಾ ಬೈಕಿನಲ್ಲಿ ಬರುತ್ತಿದ್ದ. ಹೆಂಗಸರನ್ನು ಹೋಗಿ ಬನ್ನಿ ಎಂದು ಮಾತಾಡಿಸುತ್ತಿದ್ದ, ಎಲ್ಲರನ್ನೂ ಅಮ್ಮ ಎನ್ನುತ್ತಿದ್ದ. ಒಂದು ದಿನ ಶೆಡ್ಡಿಗೇ ಬಂದು ನೇತ್ರಾವತಿಯ ಮುಂದೆ ನಿಂತ.

"ಅಮ್ಮ, ನೀವು ಏಳನೇ ಕ್ಲಾಸ್ ಓದಿದೀರಂತೆ. ಎಲ್ಲಾರೂ ನಿಮ್ಮಾತು ಕೇಳ್ತಾರಂತೆ. ನಾಳೆ ತುಮಕೂರಿಗೆ ಬರ್ಬೇಕು, ಮೀಟಿಂಗಿದೆ."

"ನಾನೇನ್ಮಾಡ್ಲಿ ಸಾರ್ ಮೀಟಿಂಗ್ನಾಗೆ?"

"ಕೂತ್ಕೊಂಡು ಕೇಳಿ. ಆಮೇಲೆ ಜನಕ್ಕೆ ಹೇಳಿ. ಅಷ್ಟೇ."

ಮೀಟಿಂಗಿದ್ದ ತುಮಕೂರಿನ ಹೋಟೆಲಿನ ಎ.ಸಿ. ಹಾಲ್ ತಣ್ಣಗಿತ್ತು. ಆರು ಜನ ಹೆಂಗಸರನ್ನು ಟೆಂಪೋದಲ್ಲಿ ಕರೆದುಕೊಂಡು ಹೋಗಿದ್ದರು. ಮೆತ್ತನೆಯ ಕುರ್ಚಿ. ಬಿಳಿ ಪಿಂಗಾಣಿ ಕಪ್ಪಿನಲ್ಲಿ ಟೀ, ಎಲ್ಲರಿಗೂ ಒಂದೇ ತರದ ಕಪ್ಪು. ನೇತ್ರಾವತಿ ಆ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಅವಳು ಸೋತದ್ದು ಅಲ್ಲೇ. ಆಮೇಲೆ ಎಷ್ಟೋ ದಿನ ಅದನ್ನು ನೆನೆದು ತನ್ನನ್ನು ತಾನೇ ಉಗಿದುಕೊಂಡಳು.

ಬೆಂಗಳೂರಿನಿಂದ ಬಂದ ಕನ್ಸಲ್ಟೆಂಟ್ ಗೋಡೆಯ ಮೇಲೆ ಬಣ್ಣದ ಬಾಣಗಳನ್ನು ಬಿಟ್ಟು ಇಂಗ್ಲಿಷಿನಲ್ಲಿ ಮಾತಾಡಿದ. ಶಿವರಾಜ್ ಕನ್ನಡದಲ್ಲಿ ಹೇಳಿದ. ಇನ್ನು ಮುಂದೆ ಹಾಜರಿ, ರಜೆ, ಸಂಬಳ ಎಲ್ಲಾ ಸಿಸ್ಟಮ್ಮಿನಲ್ಲಿ. ಮೊದಲ ಹಂತ ಜನರಿಗೆ ತಿಳಿಸುವುದು. ಎರಡನೆಯದು ಮಾಹಿತಿ ತೆಗೆದುಕೊಳ್ಳುವುದು. ಮೂರನೆಯದು ತಪ್ಪು ಮಾಹಿತಿಯನ್ನು ತೆಗೆದುಹಾಕುವುದು. ತಿಳಿಸುವ ಕೆಲಸವನ್ನು ಆಫೀಸರುಗಳು ಮಾಡಿದರೆ ಜನ ಹೆದರುತ್ತಾರೆ, ಅವರವರಲ್ಲೇ ಒಬ್ಬರು ಹೇಳಿದರೆ ನಂಬುತ್ತಾರೆ. ಹೀಗೆಂದು ಗೋಡೆಯ ಮೇಲೆಯೇ ಬರೆದಿತ್ತು. ಶಿವರಾಜ್ ಅದನ್ನೂ ಮುಚ್ಚುಮರೆಯಿಲ್ಲದೆ ಓದಿ ಹೇಳಿದ. ಹೆಂಗಸರ ಮುಖಕ್ಕೇ ಹೇಳಿದರು, ಅವರಿಗೆ ಅರ್ಥವಾಗಲಿಲ್ಲ. ಆರೂ ಜನಕ್ಕೆ ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜು ಕೊಟ್ಟರು. ಅದರ ಮೇಲೆ 'ಬದಲಾವಣೆಯ ಸಾರಥಿ' ಎಂದಿತ್ತು.

ಊಟದ ಹೊತ್ತಿನಲ್ಲಿ ನೇತ್ರಾವತಿ ಶಿವರಾಜನನ್ನು ಪಕ್ಕಕ್ಕೆ ಕರೆದಳು. ಅವಳ ಹೊಟ್ಟೆಯೊಳಗಿನ ಭಯ ಒಂದೇ.

"ಸಾರ್, ನಾನು ನೇತ್ರಾವತಿ. ನಿಮ್ ಪುಸ್ತಕದಾಗೆ ನಾನಿಲ್ಲ. ನಮ್ಮತ್ತೆ ಅದಾಳೆ."

"ಗೊತ್ತು ಅಮ್ಮ. ನೂರಾ ಹನ್ನೆರಡು ಜನದಲ್ಲಿ ಅರ್ಧಕ್ಕರ್ಧ ಹಂಗೇ ಇದೀರಿ. ನಿಮ್ಮತ್ತೆಗೆ ಪುಸ್ತಕದಲ್ಲಿ ಎಷ್ಟು ವಯಸ್ಸು ಗೊತ್ತಾ? ಅರವತ್ತಾರು. ಸಿಸ್ಟಮ್ಮಿಗೆ ಹಾಕಿದ ತಕ್ಷಣ ರಿಟೈರ್ ಅನ್ನುತ್ತೆ. ಅದಕ್ಕೇ ನಿಜ ಹೇಳ್ಬಿಡಿ ಅಂತಿರೋದು. ಹತ್ತು ವರ್ಷ ಆದೋರನ್ನೆಲ್ಲ ಕಾಯಂ ಮಾಡ್ತಾರೆ."

"ವರ್ಷ ಅತ್ತೆ ಹೆಸ್ರಲ್ಲೈತಲ್ಲ ಸಾರ್?"

"ಕಾಯಿ ಹೆರೆದೋರು ಯಾರಮ್ಮ? ನೀವು. ವರ್ಷನೂ ನಿಮ್ದೇ." ಅವನು ದನಿ ತಗ್ಗಿಸಿದ. "ನಮ್ಮಪ್ಪನೂ ಹಟ್ಟಿಯೋರೇ ಅಮ್ಮ, ಹುಲಿಯೂರುದುರ್ಗದ ಕಡೆ. ಜೀತಕ್ಕಿದ್ರು. ನಾನು ನಿಮಗೆ ಮೋಸ ಮಾಡ್ತೀನಾ?"

ಕಾಯಂ ಎಂದರೆ ಏನೆಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕಾಯಂ ಎಂದರೆ ಜ್ವರ ಬಂದ ದಿನ ಮಲಗಬಹುದು. ಗಂಗಹನುಮಯ್ಯ "ನಾಳೆಯಿಂದ ಬರ್ಬೇಡ" ಎಂದರೆ "ಯಾಕೆ" ಎಂದು ಕೇಳಬಹುದು. ಸೊಂಟ ಬಿದ್ದ ದಿನ ಬರಿಗೈಲಿ ಮನೆಗೆ ಹೋಗಬೇಕಾಗಿಲ್ಲ. ಹದಿನಾರು ವರ್ಷ ನಿಂತ ಕಾಲಿಗೆ ಅದೊಂದೇ ಆಸೆಯಿತ್ತು. ನೇತ್ರಾವತಿ ಬ್ಯಾಡ್ಜು ಸಿಕ್ಕಿಸಿಕೊಂಡಳು.

ಮೂರು ವಾರ ಅವಳು ಮನೆಮನೆ ತಿರುಗಿದಳು. ಎಂಟುನೂರು ಕಾಯಿ ಹೆರೆದ ಮೇಲೆ, ಸಂಜೆ ಆರರಿಂದ. ಕೈಯಲ್ಲಿ ಫಾರಂ. ನಿಮ್ಮ ನಿಜವಾದ ಹೆಸರು. ಇಲ್ಲಿಯವರೆಗೆ ಯಾರ ಹೆಸರಿನಲ್ಲಿ ಕೆಲಸ ಮಾಡಿದಿರಿ. ಆ ಹೆಸರಿನವರು ಬದುಕಿದ್ದಾರೆಯೇ. ಹೆಂಗಸರು ಹೇಳಿದರು, ಅವಳು ಬರೆದಳು. ತನ್ನದೇ ಫಾರಮ್ಮಿನ ಮೂರನೇ ಸಾಲಿನಲ್ಲಿ 'ಇಲ್ಲ, ಸತ್ತಿದ್ದಾರೆ' ಎಂದು ಬರೆಯುವಾಗ ಅತ್ತೆಗೆ ಈಗ ತಾನೇ ಮಣ್ಣು ಕೊಟ್ಟಂತಾಗಿ ಕಣ್ಣಲ್ಲಿ ನೀರು ಬಂತು.

ಒಪ್ಪದೇ ಇದ್ದವಳು ಜೈನಬ್ ಬೀ ಒಬ್ಬಳೇ. ಗುಬ್ಬಿ ಪೇಟೆಯ ಹಿಂದಿನ ಓಣಿಯಲ್ಲಿ ಅವಳ ಮನೆ. ಮಗಳು ಫಾಯಿಜಾ ಚಾಪೆ ಹಾಸಿದಳು. ಜೈನಬ್ ಬೀ ನೀರಿನ ಲೋಟ ಕೈಗೆ ಕೊಟ್ಟಳು, ಲೋಟವನ್ನೇ ಕೊಟ್ಟಳು. ಶೆಡ್ಡಿನಲ್ಲೂ ಅವಳು ತನ್ನ ಸ್ಟೀಲ್ ಲೋಟ ಬಿಟ್ಟು ನೇತ್ರಾವತಿಯ ಜತೆ ಕರಟದಲ್ಲೇ ಕುಡಿಯುತ್ತಿದ್ದಳು.

"ಇಪ್ಪತ್ ವರ್ಷ ಮುಚ್ಕೊಂಡಿದ್ದನ್ನ ಈಗ್ಯಾಕೆ ಬಿಚ್ಬೇಕೇ?" ಎಂದಳು. "ಪುಸ್ತಕದಾಗೆ ಫಿರ್ದೋಸಕ್ಕಂಗೆ ಐವತ್ತೆರಡು. ರಿಟೈರಾಗಕ್ಕೆ ಇನ್ನಾರು ವರ್ಷ ಐತೆ. ನಾನು ಹಂಗೇ ತಳ್ಕೊಂಡ್ ಹೋಗ್ತೀನಿ ಬುಡು."

"ಫೋಟೋ ತೆಗೀತಾರೆ ಜೈನಬಕ್ಕ, ಹೆಬ್ಬೆಟ್ ಒತ್ತುಸ್ಕೊಂತಾರೆ. ಮುಚ್ಚಿಡಕಾಗಲ್ಲ. ಇಪ್ಪತ್ ವರ್ಷ ನಿನ್ ಹೆಸ್ರಿಗೇ ಬತ್ತದೆ. ಕಾಯಂ ಆಗ್ತೀಯ."

"ಯಾರಂದ್ರು?"

"ಶಿವರಾಜ್ ಸಾರು."

"ಕಾಗದದ ಮೇಲೆ ಅಂದ್ರಾ, ಬಾಯಲ್ಲಿ ಅಂದ್ರಾ?"

ನೇತ್ರಾವತಿ ಕೈಯಲ್ಲಿದ್ದ ಫಾರಮ್ಮನ್ನು ನೇರ ಮಾಡಿಕೊಂಡಳು. ಆಮೇಲೆ "ನಮ್ಮೋರು ಕಣಕ್ಕ ಅವ್ರು, ಮೋಸ ಮಾಡಲ್ಲ. ನನ್ನ ನಂಬು" ಎಂದಳು.

ಜೈನಬ್ ಬೀ ತುದಿಯಿಲ್ಲದ ಹೆಬ್ಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡಳು. "ಆ ಸಾರು ಯಾರೋ ನಂಗೊತ್ತಿಲ್ಲ. ನಿನ್ ಬಾಯಿಂದ ಬಂತು ಅಂತ ಕೊಡ್ತಾ ಇದೀನಿ. ಬರ್ಕೊ."

ಮೂರು ವಾರಕ್ಕೆ ಅರವತ್ತಮೂರು ಫಾರಂ ಆದವು. ಎಲ್ಲವೂ ನೇತ್ರಾವತಿಯ ಅಕ್ಷರ.

ಹೆಬ್ಬೆಟ್ಟು ತೆಗೆದುಕೊಂಡ ದಿನ ಆಫೀಸಿನ ಮುಂದೆ ಸಾಲು ನಿಲ್ಲಿಸಿದರು. ಮೆಷಿನ್ನಿನ ಮುಂದೆ ಕುಳಿತಿದ್ದ ತುಮಕೂರಿನ ಇಂಜಿನಿಯರ್ ಹೆಂಗಸರ ಕೈ ನೋಡಿ ಮುಖ ಸಿಂಡರಿಸಿದ. ಬಿರಿದ ಬೆರಳನ್ನು ಮೆಷಿನ್ನು ಹಿಡಿಯಲಿಲ್ಲ. ಅವನು ಅವರ ಮಣಿಕಟ್ಟಿಗೆ ಕರ್ಚೀಫು ಸುತ್ತಿ ಅದರ ಮೇಲೆ ಹಿಡಿದು, ಬೆರಳಿಗೆ ಸ್ಪಿರಿಟ್ ಸವರಿ, ಗಾಜಿನ ಮೇಲೆ ಅದುಮಿದ. ಸ್ಪಿರಿಟ್ಟು ಬಿರುಕಿನೊಳಕ್ಕೆ ಇಳಿದು ಹೆಂಗಸರು ಸ್ಸ್ ಎಂದರು. "ಏನ್ ಕೈರೀ ಇವು, ಮನುಷ್ಯರ ಕೈ ಥರ ಇಲ್ವಲ್ಲ" ಎಂದ. ನಿಮ್ಮ ಮನೆಯ ಬರ್ಫಿ ಬಿಳಿ ಆಗೋದು ಈ ಕೈಯಿಂದಲೇ ಎನ್ನಬೇಕೆಂದು ನೇತ್ರಾವತಿಗೆ ನಾಲಿಗೆ ತುದಿಗೆ ಬಂದಿತ್ತು. ಎದೆಯ ಮೇಲೆ ಬ್ಯಾಡ್ಜು ಇತ್ತು. "ಸ್ವಲ್ಪ ತಡ್ಕೊಳ್ರೇ, ಎಲ್ಲ ನಮ್ ಒಳ್ಳೇದಕ್ಕೆ" ಎಂದು ಸಾಲಿನವರಿಗೆ ಹೇಳಿದಳು.

ಏಪ್ರಿಲ್ಲಿನಲ್ಲಿ ಹೊಸ ಕಾರ್ಡು ಬಂದವು. ಕೊರಳಿಗೆ ಹಾಕಿಕೊಳ್ಳುವ ನೀಲಿ ದಾರ, ಫೋಟೋ, ಕನ್ನಡದಲ್ಲಿ ಹೆಸರು. ನೇತ್ರಾವತಿ. ಫ್ಯಾಕ್ಟರಿಯೊಳಗೆ ತನ್ನ ಹೆಸರನ್ನು ಅವಳು ನೋಡಿದ್ದು ಅದೇ ಮೊದಲು. ಅಕ್ಷರಗಳ ಮೇಲೆ ಬೆರಳಾಡಿಸಿದಳು. ಖುಷಿಯಾಯಿತು, ಸುಳ್ಳು ಹೇಳಬಾರದು.

"ನಂದು ಓದೇ" ಎಂದು ಜೈನಬ್ ಬೀ ಕಾರ್ಡು ಚಾಚಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

"ಜೈನಬ್ ಬೀ. ಸಿಪ್ಪೆ ವಿಭಾಗ. ಸೇರಿದ ದಿನಾಂಕ..." ನೇತ್ರಾವತಿ ನಿಲ್ಲಿಸಿದಳು.

"ಸೇರಿದ್ದು?"

"ಒಂದನೇ ತಾರೀಕು, ಏಪ್ರಿಲ್, ಎರಡು ಸಾವಿರದ ಆರು."

"ಅಂದ್ರೆ ಯಾವಾಗ?"

"ಮೊನ್ನೆ ಶನಿವಾರ."

ಜೈನಬ್ ಬೀ ನಕ್ಕಳು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡಳು. ನೇತ್ರಾವತಿ ತನ್ನ ಕಾರ್ಡು ನೋಡಿದಳು. ಪಕ್ಕದವಳದು ನೋಡಿದಳು. ಅರವತ್ತಮೂರು ಜನರೂ ಶನಿವಾರ ಸೇರಿದವರು. ಎಲ್ಲರದರ ಕೆಳಗೂ ಚಿಕ್ಕ ಅಕ್ಷರದಲ್ಲಿ ಯಾವುದೋ ಲೇಬರ್ ಕಂಟ್ರಾಕ್ಟರ್ ಹೆಸರಿತ್ತು. ಅಂದರೆ ಈ ಹೆಂಗಸರು ಇನ್ನು ಫ್ಯಾಕ್ಟರಿಯ ಜನವೂ ಅಲ್ಲ. ಅವಳು ಚಾಕು ಇಟ್ಟು, ಯಾರ ಅಪ್ಪಣೆಯನ್ನೂ ಕೇಳದೆ, ಒದ್ದೆ ಕಾಲಿನಲ್ಲೇ ಎಚ್.ಆರ್. ರೂಮಿಗೆ ನುಗ್ಗಿದಳು.

"ಬನ್ನಿ ಅಮ್ಮ, ನಾನೇ ಕರೆಸೋನಿದ್ದೆ" ಎಂದ ಶಿವರಾಜ್. ಅವಳ ಮುಖ ನೋಡಲಿಲ್ಲ. "ಕೂತ್ಕೊಳ್ಳಿ."

"ಕೂರಲ್ಲ. ನನ್ ಹದಿನಾರು ವರ್ಷ ಎಲ್ಲಿ ಸಾರ್?"

"ರಂಗಲಕ್ಷ್ಮಮ್ಮ ಅನ್ನೋರ ನಂಬರ್ ಕ್ಲೋಸ್ ಆಗಿದೆ. ಸತ್ತಿದ್ದಾರೆ ಅಂತ ನೀವೇ ಬರೆದಿದೀರಿ. ನಿಮ್ಮದು ಹೊಸ ನಂಬರ್. ಹೊಸ ನಂಬರಿಗೆ ಹಳೇ ವರ್ಷ ತಗೊಳ್ಳಲ್ಲ ಸಿಸ್ಟಮ್ಮು."

"ವರ್ಷನೂ ನಿಮ್ದೇ ಅಂದ್ರಲ್ಲ ಸಾರ್. ಅನ್ನ ತಿನ್ನೋ ಬಾಯಲ್ಲಿ ಅಂದ್ರಿ."

"ಆಗ ನಂಗೂ ಹಂಗೇ ಹೇಳಿದ್ರು." ಅವನ ಕಿವಿ ಕೆಂಪಾಗಿತ್ತು. ಮೇಜಿನ ಖಾನೆಯಿಂದ ಅಚ್ಚು ಹಾಕಿದ ಕಾಗದದ ಕಟ್ಟು ತೆಗೆದ. "ಇದಕ್ಕೆ ಎಲ್ಲಾರ ಹೆಬ್ಬೆಟ್ಟು ಬೇಕು. ಸೋಮವಾರದೊಳಗೆ. ನೀವು ಜನಕ್ಕೆ ತಿಳಿಸ್ಬೇಕು."

ಅವಳು ನಿಂತೇ ಓದಿದಳು. ನಾನು ಬೇರೆಯವರ ಹೆಸರಿನಲ್ಲಿ ಕೆಲಸ ಮಾಡಿ ಕಂಪನಿಗೆ ಮೋಸ ಮಾಡಿದ್ದೇನೆ. ಕಂಪನಿಯು ದೊಡ್ಡ ಮನಸ್ಸಿನಿಂದ ಪೊಲೀಸರಿಗೆ ದೂರು ಕೊಡದೆ ನನಗೆ ಹೊಸದಾಗಿ ಕೆಲಸ ಕೊಡಿಸಿದೆ. ಹಿಂದಿನ ಸೇವೆಯ ಬಗ್ಗೆ ನನಗೆ ಯಾವ ಹಕ್ಕೂ ಇಲ್ಲ. ಪ್ರತಿ ಕಾಗದದ ಹಿಂದೆ ಅವಳೇ ಬರೆದ ಫಾರಮ್ಮನ್ನು ಪಿನ್ನು ಹೊಡೆದು ಸೇರಿಸಿದ್ದರು. ತನ್ನ ಗುಂಡಗಿನ ಅಕ್ಷರ ಅವಳನ್ನೇ ನೋಡುತ್ತಿತ್ತು.

"ನಿಮ್ಮದು ಬೇರೆ ಮಾತು" ಎಂದ ಶಿವರಾಜ್, ದನಿ ಇಳಿಸಿ. "ಸಾಹುಕಾರರ ಹತ್ರ ಮಾತಾಡಿದೀನಿ. ನಿಮ್ಮ ಹದಿನಾರು ವರ್ಷ ಸ್ಪೆಷಲ್ಲಾಗಿ ಹಾಕಿಸ್ತಾರೆ. ನೀವು ಕಾಯಂ. ಸೂಪರ್‌ವೈಸರ್ ಮಾಡ್ತಾರೆ. ಜನಕ್ಕೆ ಮಾತ್ರ ಸಮಾಧಾನವಾಗಿ ಹೇಳಿ."

"ನಂಗೆ ಮಾತ್ರ ಹಾಕಕ್ಕೆ ಬತ್ತದಾ ಸಿಸ್ಟಮ್ಮಿಗೆ?"

ಅವನು ಕಾಗದದ ಕಟ್ಟನ್ನು ಅವಳ ಕಡೆಗೆ ಸರಿಸಿದ.

ಹದಿನಾರು ವರ್ಷ ಮೇಜಿನ ಮೇಲೆ ಇತ್ತು. ಕೈ ಚಾಚಿದರೆ ಸಿಗುತ್ತಿತ್ತು. ಮನೆಯಲ್ಲಿ ಗಂಡ ಹಮಾಲಿ ಬಿಟ್ಟು ಉಬ್ಬಸ ಹಿಡಿದು ಕೂತಿದ್ದ. ಅವಳಿಗೆ ಆಸೆ ಆಗಲಿಲ್ಲ ಎಂದಲ್ಲ. ಆಯಿತು. ಆಸೆಯಾದದ್ದಕ್ಕೇ ಅವಳಿಗೆ ಇನ್ನಿಲ್ಲದ ಸಿಟ್ಟು ಬಂತು.

"ಮೋಸ ಮಾಡಿದ್ದು ನಾವಲ್ಲ" ಎಂದಳು. "ಹೆಸ್ರು ಕೊಟ್ಟೋರು ನೀವು, ಕಿತ್ಕೊಂಡೋರೂ ನೀವು. ಅರವತ್ಮೂರ್ ಜನದ ಸತ್ಯ ಬರ್ದುಕೊಟ್ಟೆ. ಈ ಸುಳ್ಳನ್ನ ನಾನ್ ಹೇಳಲ್ಲ. ಸತ್ರೂ ಹೇಳಲ್ಲ."

"ಅಮ್ಮ, ನೀವು ಹೇಳ್ದಿದ್ರೆ ಇನ್ನೊಬ್ರು ಹೇಳ್ತಾರೆ. ಏನೂ ನಿಲ್ಲಲ್ಲ. ನಾನು ಇಲ್ಲಿ ಕೂತಿರೋದೂ ಹಂಗೇ."

"ನಿಮ್ಮಪ್ಪ ಜೀತಕ್ಕಿದ್ರು ಅಂದ್ರಲ್ಲ ಸಾರ್. ಅವ್ರು ಇನ್ನೊಬ್ರನ್ನ ಜೀತಕ್ಕೆ ಹಿಡ್ಕೊಟ್ಟಿದ್ರಾ?"

ಶಿವರಾಜ್ ಎದ್ದು ಬಾಗಿಲು ತೆರೆದು ಹಿಡಿದ. ಗಂಗಹನುಮಯ್ಯ ಬಂದು ಅವಳ ಕೊರಳಿನ ಕಾರ್ಡನ್ನು ದಾರದ ಸಮೇತ ಎಳೆದುಕೊಂಡ. ಕತ್ತಿನ ಹಿಂದೆ ಚರ್ಮ ಕಿತ್ತು ಬಂತು. ಮಧ್ಯಾಹ್ನದ ಹೊತ್ತಿಗೆ ಅವಳು ಗೇಟಿನ ಹೊರಗಿದ್ದಳು.

ಮಾರನೆಯ ದಿನ ತುಮಕೂರಿಗೆ ಹೋಗಿ ಕೋರ್ಟಿನ ಹತ್ತಿರ ಒಬ್ಬ ವಕೀಲರನ್ನು ಹಿಡಿದಳು. ಅವರು ಒಳ್ಳೆಯವರೇ. ಪೂರ್ತಿ ಕೇಳಿಸಿಕೊಂಡರು.

"ನೀವು ಹದಿನಾರು ವರ್ಷ ಕೆಲಸ ಮಾಡಿದ್ದಕ್ಕೆ ಏನಾದ್ರೂ ಕಾಗದ?"

"ರಂಗಲಕ್ಷ್ಮಮ್ಮ ಅಂತ ಐತೆ ಸಾರ್, ಎಲ್ಲ."

"ಹಾಗಾದ್ರೆ ಕೇಸು ಹಾಕ್ಬೇಕಾದೋರು ರಂಗಲಕ್ಷ್ಮಮ್ಮ. ಅವರಿಲ್ಲ. ನಿಮ್ಮ ಜತೆ ಕೆಲಸ ಮಾಡಿದೋರೆಲ್ಲ ಒಟ್ಟಾಗಿ ಬಂದು ಸಾಕ್ಷಿ ಹೇಳಿದ್ರೆ ನೋಡಬಹುದು. ಎಲ್ಲರೂ ಬರಬೇಕು. ಆ ಕಾಗದಕ್ಕೆ ಹೆಬ್ಬೆಟ್ಟು ಬಿದ್ದುಹೋದ್ರೆ ಮುಗೀತು, ಆಮೇಲೆ ಏನೂ ಮಾಡೋಕಾಗಲ್ಲ."

ಸೋಮವಾರದವರೆಗೆ ಅವಳು ಮತ್ತೆ ಮನೆಮನೆ ತಿರುಗಿದಳು. ಅದೇ ಓಣಿಗಳು, ಅದೇ ಬಾಗಿಲುಗಳು. ಈ ಸಲ ಯಾರೂ ಚಾಪೆ ಹಾಸಲಿಲ್ಲ. ಪೊಲೀಸು ಎಂಬ ಮಾತು ಅವಳಿಗಿಂತ ಮೊದಲೇ ಊರು ಸುತ್ತಿ ಬಂದಿತ್ತು. ಹಟ್ಟಿಯಲ್ಲೇ ಸುಬ್ಬಲಕ್ಷ್ಮಮ್ಮ ಎಂಬ ಮುದುಕಿ, ಅತ್ತೆಯ ಕಾಲದಿಂದಲೂ ನೆಂಟಸ್ತಿಕೆಯವಳು, ಅವಳ ಕಾಲಿನ ಮುಂದೆ ಉಗಿದಳು. "ನನ್ ಸೊಸೆ ಹೊಟ್ಟೆ ಮೇಲೆ ಹೊಡ್ದಲ್ಲೇ" ಎಂದಳು. ಜೈನಬ್ ಬೀಯ ಮನೆಯ ಬಾಗಿಲು ತೆರೆಯಲೇ ಇಲ್ಲ. ಒಳಗೆ ಫಾಯಿಜಾ ಕೆಮ್ಮಿದ್ದು ಕೇಳಿಸಿತು.

ಸೋಮವಾರ ಏಳು ಗಂಟೆಗೇ ಅವಳು ಗೇಟಿನ ಮುಂದೆ ಹೋಗಿ ಎರಡೂ ಕೈ ಅಗಲಿಸಿ ಅಡ್ಡ ನಿಂತಳು. ಒಳಗೆ ಮೇಜು ಹಾಕಿದ್ದರು. ಮೇಜಿನ ಮೇಲೆ ಇಂಕು ಪ್ಯಾಡು, ಕಾಗದದ ಕಟ್ಟು. ತನ್ನ ಜತೆ ತುಮಕೂರಿಗೆ ಬಂದಿದ್ದ ಇನ್ನೊಬ್ಬ ಹೆಂಗಸು ಬ್ಯಾಡ್ಜು ಹಾಕಿಕೊಂಡು ಮೇಜಿನ ಪಕ್ಕ ನಿಂತಿದ್ದಳು. ಶಿವರಾಜ್ ಹೇಳಿದ್ದು ನಿಜವಾಗಿತ್ತು.

"ಒತ್ಬೇಡ್ರೇ!" ನೇತ್ರಾವತಿ ಕೂಗಿದಳು. "ಒತ್ತುದ್ರೆ ನಾವು ಕಳ್ರು ಅಂತ ನಾವೇ ಒಪ್ಕೊಂಡಂಗೆ. ಎಲ್ಲಾ ಒಟ್ಟಿಗೆ ಬೇಡ ಅನ್ನಣ. ಒಂದ್ ದಿನ ಕಾಯಿ ಹೆರೀದೆ ನಿಂತ್ರೆ ಅವ್ರೇ ಬತ್ತಾರೆ. ಒಂದೇ ಒಂದ್ ದಿನ ಕಣ್ರೇ!"

ಹೆಂಗಸರು ನಿಂತರು. ಯಾರೂ ಮುಂದೆ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ. ಒಂದು ನಿಮಿಷ, ಹೆಚ್ಚೆಂದರೆ ಎರಡು ನಿಮಿಷ, ಗೇಟಿನ ಮುಂದೆ ನೂರು ಜನ ನಿಂತಲ್ಲೇ ನಿಂತಿದ್ದರು. ಆಗುತ್ತದೆ ಎನ್ನಿಸಿತು ನೇತ್ರಾವತಿಗೆ. ಆಗಿಯೇಬಿಡುತ್ತದೆ ಎನ್ನಿಸಿತು.

ಗುಂಪಿನಿಂದ ಜೈನಬ್ ಬೀ ಮುಂದೆ ಬಂದಳು. ಅಗಲಿಸಿದ ಕೈಗೆ ಎದೆ ತಾಗುವಷ್ಟು ಹತ್ತಿರ ಬಂದು ನಿಂತಳು. ಅವಳ ಕಣ್ಣು ಊದಿಕೊಂಡಿದ್ದವು.

"ಒತ್ಬೇಡ ಜೈನಬಕ್ಕ" ಎಂದಳು ನೇತ್ರಾವತಿ. "ನಿನ್ ಕಾಲ್ ಹಿಡ್ಕೊಂತೀನಿ."

"ಫಿರ್ದೋಸ್ ಅಂತ ಇದ್ದಿದ್ರೆ ಇನ್ನಾರ್ ವರ್ಷ ಕೆಲ್ಸ ಇತ್ತು ನಂಗೆ" ಎಂದಳು ಜೈನಬ್ ಬೀ. ಕೂಗಲಿಲ್ಲ, ಬೈಯಲಿಲ್ಲ. "ಬೇಡ ಅಂತ ಅವತ್ತೇ ಅಂದಿದ್ದೆ. ನಂಬು ಅಂದೆ, ನಂಬ್ದೆ. ಈಗ ಬೇಡ ಅನ್ನು ಅಂತೀಯ. ಇದನ್ನೂ ನಂಬ್ಲಾ?"

ನೇತ್ರಾವತಿ ಅಗಲಿಸಿದ ಕೈ ಇಳಿಸದೆ ಅವಳ ಊದಿದ ಕಣ್ಣನ್ನೇ ನೋಡಿದಳು.

"ದಾರಿ ಬುಡು ನೇತ್ರಾ" ಎಂದಳು ಜೈನಬ್ ಬೀ. "ಹೊತ್ತಾಯ್ತು. ಲೇಟಾದ್ರೆ ಹೊಸಬ್ರಿಗೆ ಅರ್ಧ ದಿನ ಹಿಡ್ಕೊಂತಾರಂತೆ."

ನೇತ್ರಾವತಿ ಕೈ ಇಳಿಸಿದಳು. ಪಕ್ಕಕ್ಕೆ ಸರಿದು, ರಸ್ತೆಯ ಕಡೆ ಮುಖ ಮಾಡಿ ನಿಂತಳು. ಜೈನಬ್ ಬೀ ಒಳಗೆ ಹೋದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು.